ಪಾಯಾಳಿನ ಕಾಲಿಗೆ ಬಂದ ನಡುಗಳು

೧೩ ಫೆಬ್ರುವರಿ ೧೯೯೬, ಮಂಗಳವಾರ, ಬೆಳಗಿನ ಐದೂವರೆ. ಬ್ಯಾಡಗಿ.

ಕಿಟಕಿ ತೆರೆದೆ. ಹೊಸ ಮೆಣಸಿನಕಾಯಿಯ ಘಾಟು ಒಳಗೆ ಬಂತು, ಸೀನಿದೆ, ನಡು ಹಿಡಿದುಕೊಂಡಿತು. ಅಂಗಾತ ಮಲಗಿ ಬರೆಯುತ್ತಿದ್ದೇನೆ; ಈ ಭಂಗಿಯಲ್ಲಿ ಪೆನ್ನು ನಡೆಯದು, ಪೆನ್ಸಿಲ್ಲೇ ಗತಿ. ಅಕ್ಷರ ಸೊಟ್ಟಗಿದ್ದರೆ ಹೊಂದಿಕೊಳ್ಳಿ. ಅವ್ವ ಬಾಗಿಲಲ್ಲಿ ನಿಂತು ನಕ್ಕಳು: "ಊರ ಮಂದಿ ನಡಾ ಒದ್ದಾಕಿ! ನಿನ್ನ ನಡಾ ಈಗ ಯಾರು ಒದೀಬೇಕ?"

ನಾನು ಪಾಯಾಳು. ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಮಾಡಿ ಬಂದವಳು. ಅಂಥವರು ನಡುವಿಗೆ ಮೂರು ಸಲ ಒದ್ದರೆ ಹಿಡಿದುಕೊಂಡ ಚಳಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಹೊತ್ತು ಹುಟ್ಟುವ ಮೊದಲು, ಮಾತಾಡದೆ ಒದೆಯಬೇಕು. ಆಮೇಲೆ, ಹಿರಿಯರಿಗೆ ಕಾಲು ತಾಗಿಸಿದ ತಪ್ಪಿಗೆ, ಅವರ ಕಾಲು ಮುಟ್ಟಿ ನಮಸ್ಕರಿಸಬೇಕು. ಓದುತ್ತಿದ್ದಾಗ, ಹಾವೇರಿಯ ಕಾಲೇಜಿಗೆ ಬಸ್ಸು ಹಿಡಿಯುವ ಮೊದಲೇ ನನಗೆ ದಿನದ ಅರ್ಧ ದಣಿವು ಆಗಿಹೋಗಿರುತ್ತಿತ್ತು. ಬಂದವರ ಹೆಸರು, ನೋವಿನಿಂದ ಕೆಲಸ ತಪ್ಪಿದ ದಿನಗಳನ್ನು ಬರೆದಿಡುವ ಚಟ ಆಗಿನಿಂದಲೂ ಇದೆ. ಹಮಾಲರು, ಲಾರಿ ನಡೆಸುವವರು, ಕಾಗಿನೆಲೆ ಕಡೆಯ ರೈತರು, ಒಮ್ಮೆ ಒಬ್ಬರು ಗುಮಾಸ್ತರು. ಗುಮಾಸ್ತರಿಗೆ ಪಗಾರಿನ ರಜೆಯಿತ್ತು. ಉಳಿದವರಿಗೆ ಇದ್ದದ್ದು ನನ್ನ ಕಾಲು.

ಎಂಬತ್ತೊಂಬತ್ತರ ಸುಗ್ಗಿಯಲ್ಲಿ ಪೇಟೆಯ ಹಮಾಲ ಇಮಾಮಸಾಬರು ಬಂದರು. ಚೀಲ ಎತ್ತುವಾಗ ನಡು ಹಿಡಿದಿತ್ತು. ಹಮಾಲರದು ಟೋಳಿಯ, ಅಂದರೆ ಗುಂಪಿನ, ಕೆಲಸ. ಒಬ್ಬ ಮಲಗಿದರೆ ಅವನ ಪಾಲಿನ ಚೀಲವನ್ನು ಉಳಿದವರು ಹೊರುತ್ತಾರೆ, ಕೂಲಿಯಲ್ಲಿ ಪಾಲನ್ನೂ ಕೊಡುತ್ತಾರೆ. ಆದರೆ ಎಷ್ಟು ದಿನ? ಪೇಟೆ ನೆರೆಯುವ ಎರಡನೆಯ ದಿನಕ್ಕೂ ಏಳದಿದ್ದರೆ ಬದಲಿ ಆಳು ಬರುತ್ತಾನೆ, ಆ ಸುಗ್ಗಿಗೆ ಜಾಗ ಹೋದಂತೆ. ಇಮಾಮಸಾಬರ ಎರಡನೆಯ ಪೇಟೆ ಮರುದಿನವೇ ಇತ್ತು.

ಒದ್ದೆ. ಅವರು ಗೋಡೆ ಹಿಡಿದು ಎದ್ದು, ಬೆವರೊರೆಸಿಕೊಂಡು, "ಬಿಟ್ಟೈತಿ ನೋಡವಾ" ಎಂದರು. ನಮಸ್ಕರಿಸಲು ಬಗ್ಗಿದೆ. ಆಶೀರ್ವದಿಸುವ ಕೈ ನನ್ನ ತಲೆಯವರೆಗೆ ಇಳಿಯಲೇ ಇಲ್ಲ.

ಅಷ್ಟರಲ್ಲಿ ಟೋಳಿಯ ಹಿರಿಯ ಭರಮಪ್ಪ ಬಂದ. ಪೇಟೆಯಲ್ಲಿ ನನ್ನ ಮಾತು ಡಾಕ್ಟರ ಚೀಟಿಯಿದ್ದಂತೆ. "ಖರೇ ಹೇಳವಾ, ಬಿಟ್ಟೈತೇನ?"

"ಇಲ್ರಿ. ಅವರಿಗೆ ಬಗ್ಗಾಕ ಬರವಲ್ದು."

ಇಮಾಮಸಾಬರು ನನ್ನನ್ನೇ ನೋಡಿದರು. "ನಡಾ ಒದಿ ಅಂದ್ರ ಹೊಟ್ಟಿ ಮ್ಯಾಲ ಒದ್ದೆಲ್ಲವಾ!"

"ನಾಳೆ ಚೀಲದ ಬುಡಕ ಬಿದ್ರ ನಿನ್ನ ಯಾರು ಹೊರೂದು? ನಾವ ಹೊರಬೇಕಲ್ಲೋ," ಎಂದ ಭರಮಪ್ಪ.

ಜಾಗ ಹೋಯಿತು. ಹೆಂಡತಿ ಮಾಬೂಬಿ ಕೂಲಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕುಳಿತಳು. ಮಕ್ಕಳನ್ನು ನೋಡಿಕೊಳ್ಳಲು ಅವಳ ತಾಯಿ ರಾಣೆಬೆನ್ನೂರಿನ ಕಾಯಿಪಲ್ಲೆ ಅಂಗಡಿ ಮುಚ್ಚಿ ಬಂದಳು. ಇದಾವುದನ್ನೂ ನಾನು ಬರೆದಿಟ್ಟಿರಲಿಲ್ಲ. ನನ್ನ ಲೆಕ್ಕದಲ್ಲಿ ಇಮಾಮಸಾಬರದು ಒಂದೇ ನಡು. ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ನಸುಕಿನಲ್ಲಿ ಮಾಬೂಬಿಯೇ ಬಂದು ಚಾಪೆಯ ಮೇಲೆ ಬೋರಲು ಮಲಗಿದಳು. ದಿನವಿಡೀ ಕುಳಿತು ಅವಳ ನಡುವೂ ಹೋಗಿತ್ತು.

"ಹಾವೇರಿಗೆ ಹೋಗಿ ಡಾಕ್ಟರಿಗೆ ತೋರ್ಸು," ಎಂದೆ.

"ಇವತ್ತಿನ ಕೂಲಿ ನೀ ಕೊಡ್ತೀಯೇನು? ಲಗೂ ಒದಿಯವಾ. ಮನ್ಯಾಗ ಇನ್ನ ಬ್ಯಾರೆ ನಡಾ ಇಲ್ಲ."

ಒದ್ದೆ. ಅವಳ ಕಾಲು ಮುಟ್ಟಿ ಏಳುವಾಗ ನನಗೇ ಸುಸ್ತಾಗಿತ್ತು.

ಇಷ್ಟು ಬರೆಯುವಾಗ ಹೊರಗೆ ಯಾರೋ ಕೆಮ್ಮಿದರು. ಗೋಡೆ ಹಿಡಿದು ಹೋದೆ. ಗುರುತಿಲ್ಲದ ಗಾಡಿಯವನೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಈ ಹೊತ್ತು ನನ್ನ ಕಾಲು ಏಳುವುದಿಲ್ಲ ಎಂದು ಹೇಳಿ, ಕುಂದ್ರಿಸಿ, ಕೇಳಿದೆ: "ಮನ್ಯಾಗ ಯಾರ್ಯಾರು ಅದಾರ?"

"ನಡಾ ತೋರ್ಸಾಕ ಬಂದೇನ್ರಿ ಅಕ್ಕಾರ, ಜನಗಣತಿಗಲ್ಲ!" ಎಂದು ನಕ್ಕ. ನಕ್ಕದ್ದಕ್ಕೆ ನೋವಾಗಿ ಮುಖ ಕಿವುಚಿದ. ಆಮೇಲೆ ಒಬ್ಬೊಬ್ಬರದೇ ಹೆಸರು ಹೇಳಿದ. ಎಲ್ಲರನ್ನೂ ಬರೆದುಕೊಂಡೆ.

ನಿಮ್ಮ ಓಣಿಯಲ್ಲಿ ಒಂದು ನಡು ಬಿದ್ದಾಗ ಅದರ ಭಾರಕ್ಕೆ ಯಾರ್ಯಾರು ಹೆಗಲು ಕೊಟ್ಟರು, ಬಲ್ಲವರು ಬರೆದು ತಿಳಿಸಬೇಕು. ನನ್ನ ಹಳೆಯ ಲೆಕ್ಕದಲ್ಲಿ ಮಲಗಿದವರು ಮಾತ್ರ ಇದ್ದಾರೆ.