ಉಳಿದ ಏಳು ಮಾತ್ರೆ

ಬೆಳಕು ಹರಿಯುವ ಹೊತ್ತಿಗೇ ಆರೋಗ್ಯ ಕಾರ್ಯಕರ್ತೆ ಮೊರ್ಜಿನಾ ಬೇಗಂ ಅವರು ಲಿಪಿ ಎಂಬ ಎಳೆಯ ತಾಯಿಯ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಚಮಚದ ನೀರಿನಲ್ಲಿ ಜಿಂಕ್ ಮಾತ್ರೆ ಕರಗುತ್ತಿದೆ. ಲಿಪಿಯ ವರ್ಷದ ಕೂಸು ಮುಖ ಸಿಂಡರಿಸಿಕೊಂಡೇ ನುಂಗುತ್ತದೆ.

"ಭೇದಿ ನಿಂತು ಎರಡು ದಿನ ಆಯ್ತಲ್ಲ ಖಾಲಾ, ಇನ್ನೂ ಯಾಕೆ ಇದರ ಪ್ರಾಣ ತಿಂತೀರಿ?" ಲಿಪಿ ನಗುತ್ತಾಳೆ. "ಉಳಿದ ಆರನ್ನ ನಾದಿನಿ ಮಗೂಗೆ ಕೊಡ್ತೀನಿ. ಅದಕ್ಕೂ ಶುರುವಾಗಿದೆ."

"ಕೊಟ್ಟೆಯೋ, ಜಡೆ ಹಿಡಿದು ಎಳೀತೀನಿ! ಆ ಮಗೂಗೆ ಬೇರೆ ಮಾತ್ರೆ ಶೀಟು ತಂದಿದ್ದೀನಿ. ಇದರದ್ದು ಇದಕ್ಕೇ, ಹತ್ತೂ ದಿನ."

"ಚಿಕ್ಕವಳಿದ್ದಾಗ ನೀವೇ ನಿಮ್ಮ ತುಲಿಯ ಮಾತ್ರೆ ನನಗೆ ಕೊಟ್ಟಿರಲಿಲ್ವಾ? ನಾನು ಬದುಕಲಿಲ್ವಾ?"

ಮೊರ್ಜಿನಾ ಚೀಲ ಹೆಗಲಿಗೇರಿಸಿ ಲಿಪಿಯ ನಾದಿನಿಯ ಮನೆಗೆ ನಡೆಯುತ್ತಾರೆ. ಅವರ ಬಗ್ಗೆ ಬರೆಯಹೊರಟ ನಾನೂ ಜೊತೆಗೆ ಹೆಜ್ಜೆ ಹಾಕುತ್ತೇನೆ.

ಮೇಘನಾ ನದಿಯ ಈ ನಡುಗಡ್ಡೆಯಲ್ಲಿ ಅವರದು ನೂರಾ ನಲವತ್ತು ಮನೆಗಳ ಪಾಲು. ಭೇದಿ ಹಿಡಿದ ಮಗುವಿಗೆ ಉಪ್ಪು ಸಕ್ಕರೆಯ ಪುಡಿ, ಜಿಂಕ್ ಕೊಡುತ್ತಾರೆ. ಹತ್ತನೆಯ ದಿನ ಬಂದು "ಖಾಲಿ ಶೀಟು ತೋರಿಸಿ" ಅನ್ನುತ್ತಾರೆ. "ಬಂದಳು ಖಾಲಿ ಶೀಟಿನ ಮುದುಕಿ" ಎಂದು ಗಂಡಸರು ಛೇಡಿಸುವುದುಂಟು. ನಮ್ಮಲ್ಲಿ ಒಂದು ಮೀನು ಹೆಚ್ಚು ಸಿಕ್ಕರೂ ಪಕ್ಕದ ಮನೆಗೆ ಹೋಗುತ್ತದೆ. ಮಾತ್ರೆಯೂ ಹಾಗೇ ಹೋಗಿಬಿಡುತ್ತದೆ.

ಇಪ್ಪತ್ತು ವರ್ಷದ ಹಿಂದೆ ಅವರ ಮಗಳು ತುಲಿಗೆ ಮೂರೇ ದಿನಕ್ಕೆ ಭೇದಿ ನಿಂತಿತು. ಪಕ್ಕದ ಮನೆಯ ಲಿಪಿ ಸೋತು ಮಲಗಿದ್ದಳು. ಉಳಿದ ಏಳು ಮಾತ್ರೆ ಅವಳಿಗೆ ಹೋದವು. ಎರಡು ತಿಂಗಳಿಗೆ ತುಲಿಗೆ ಮತ್ತೆ ಭೇದಿ ಹತ್ತಿತು. ದೋಣಿ ಆಸ್ಪತ್ರೆಯ ದಡ ಮುಟ್ಟುವ ಮೊದಲೇ ಅಮ್ಮನ ಮಡಿಲಲ್ಲಿ ತೀರಿಕೊಂಡಳು.

"ಹತ್ತೂ ಮುಗಿಸಿದ್ರೆ ಎರಡು ಮೂರು ತಿಂಗಳು ಮತ್ತೆ ಬರೋದು ಕಮ್ಮಿ ಅಂತ ಆಮೇಲೆ ಈ ಕೆಲಸದ ತರಬೇತೀಲಿ ಹೇಳಿದ್ರು. ನಾನು ಎದ್ದು ಹೊರಗೆ ಹೋಗಿ ಅತ್ತುಬಿಟ್ಟೆ. ಮಾತ್ರೆ ಮುಗಿಸದಿದ್ದಕ್ಕೇ ಮಗಳು ಹೋದಳು ಅಂತ ಹೇಳೋಕಾಗಲ್ಲಮ್ಮ ಅಂದ್ರು ಡಾಕ್ಟರು. ಇರಬಹುದು. ನನಗೆ ನಿದ್ದೆ ಬರಬೇಕಲ್ಲ?" ಎನ್ನುತ್ತಾರೆ ಮೊರ್ಜಿನಾ.

ಇದನ್ನೆಲ್ಲ ಬರೆದರೆ ಲಿಪಿಯೂ ಓದುತ್ತಾಳಲ್ಲ ಎನ್ನುತ್ತೇನೆ. ಮೊರ್ಜಿನಾ ಸೆರಗಿನಲ್ಲಿ ಚಮಚ ಒರೆಸಿ ಚೀಲಕ್ಕೆ ಹಾಕುತ್ತಾರೆ.

"ಬರೀರಿ. ಅವಳಿಗೆ ಕೊಟ್ಟಿದ್ದಕ್ಕೆ ಯಾವತ್ತೂ ಬೇಜಾರಿಲ್ಲ ಅಂತಾನೂ ಬರೀರಿ, ಪಾಪ ಹುಡುಗಿ ಕೊರಗೋದು ಬೇಡ. ಆಡಿಕೊಂಡಿದ್ದ ತುಲಿಗೆ ಇನ್ನೊಂದು ಶೀಟು ಕೇಳೋಕೆ ಆಗ ನನಗೆ ನಾಚಿಕೆಯಾಯ್ತು. ಅದೇ ನನ್ನ ತಪ್ಪು. ಈಗ ಯಾರೂ ಕೇಳಬೇಕಾಗಿಲ್ಲ, ನಾನೇ ತಂದುಕೊಡ್ತೀನಿ. ಇನ್ನಾರು ದಿನಕ್ಕೆ ಲಿಪಿ ಮನೆ ಖಾಲಿ ಶೀಟು ನನ್ನ ಕೈಗೆ ಬರಲಿ, ಸಾಕು."