ಹನ್ನೊಂದನೇ ನಂಬರಿನ ಚೀಸ್

ಇಂಗ್ಲೆಂಡಿನ ಸ್ವೇಲ್‌ಡೇಲ್ ಕಣಿವೆಯ ಹೆಂಗಸರು ಥರ್ಜಾ ಆಲ್ಡರ್ಸನ್‌ಳ ನಾಲಿಗೆಗೆ ಎರಡು ಕಾರಣಕ್ಕೆ ಹೆದರುತ್ತಿದ್ದರು. ಅದು ಆಡುವ ಮಾತಿಗೆ, ಅದು ಹಿಡಿಯುವ ರುಚಿಗೆ. ಜಿಲ್ಲೆಯ ಡೈರಿ ಶಿಕ್ಷಕಿಯಾಗಿ ಅವಳು ಸೈಕಲ್ಲಿನ ಹಿಂದೆ ಒಂದು ಮರದ ಪೆಟ್ಟಿಗೆ ಕಟ್ಟಿಕೊಂಡು ಹೊಲಮನೆಯಿಂದ ಹೊಲಮನೆಗೆ ಹೋಗುತ್ತಿದ್ದಳು. ಪೆಟ್ಟಿಗೆಯಲ್ಲಿ ಥರ್ಮಾಮೀಟರು, ಹಾಲು ಒಡೆಯಲು ಹಾಕುವ ರಸದ ಬಾಟಲಿ, ಚೀಸಿನ ಒಳಗನ್ನು ತೆಗೆದು ನೋಡುವ ಉದ್ದನೆಯ ಉಕ್ಕಿನ ಚುಚ್ಚುಗೋಲು. ಯಾರ ಮನೆಯ ಚೀಸನ್ನೇ ಆಗಲಿ, ಉಗುರಿನಷ್ಟು ಬಾಯಿಗೆ ಹಾಕಿಕೊಂಡು ಹೇಳಿಬಿಡುತ್ತಿದ್ದಳು: ಹಸುಗಳು ಜೌಗಿನಲ್ಲಿ ಮೇಯ್ದಿವೆ, ಗುರುವಾರ ಹಾಲು ಬಿಸಿ ಹೆಚ್ಚಾಗಿದೆ, ಚೀಸಿನ ಮೇಲಿನ ಒತ್ತುಕಲ್ಲು ಒಂದು ಗಂಟೆ ಮೊದಲೇ ಇಳಿಸಿದ್ದೀಯ.

"ಮಿಸ್ ಆಲ್ಡರ್ಸನ್, ನೀವೇನು ನಮ್ಮ ಮನೆ ಕಿಟಕೀಲಿ ಕೂತಿದ್ರಾ?" ಎಂದು ಹೆಂಗಸರು ಕೇಳುತ್ತಿದ್ದರು.

"ಕಿಟಕಿ ಯಾಕೆ ಬೇಕು? ನಿಮ್ಮ ಸೋಮಾರಿತನ ಚೀಸಲ್ಲೇ ಕೂತಿದೆಯಲ್ಲ!"

ಚೆಷೈರಿನ ಉಪ್ಪುಪ್ಪಾದ ಪುಡಿ ಚೀಸು, ಲ್ಯಾಂಕಾಷೈರಿನ ಬೆಣ್ಣೆಯಂಥ ಮೆತ್ತನೆಯದು, ನೀಲಿ ನರ ಹರಿದ ಸ್ಟಿಲ್ಟನ್, ವೇಲ್ಸಿನ ಗಣಿಯವರು ಬುತ್ತಿಗೆ ಒಯ್ಯುವ ಒದ್ದೆ ಕೇರ್‌ಫಿಲಿ, ಎಲ್ಲವನ್ನೂ ಅವಳು ಕಣ್ಣು ಮುಚ್ಚಿ ಗುರುತಿಸಬಲ್ಲಳು. ಅಷ್ಟು ಬಲ್ಲವಳು ಕಣಿವೆಯ ಮೇಲ್ತುದಿಯ ಒಂದು ಮನೆಗೆ ಮಾತ್ರ ಸೈಕಲ್ಲು ತಿರುಗಿಸುತ್ತಿರಲಿಲ್ಲ. ಅದು ಅವಳು ಹುಟ್ಟಿದ ಮನೆ. ಈಗ ಅಲ್ಲಿ ತಂಗಿ ಹೆಸ್ಟರ್ ಮತ್ತು ಅವಳ ಗಂಡ ಕಿಟ್ ಪೀಕಾಕ್ ಹೊಲ ನೋಡಿಕೊಂಡಿದ್ದರು.

ಅಕ್ಕತಂಗಿಯರ ಮಾತು ನಿಂತದ್ದು ಸಾವಿರದ ಒಂಬೈನೂರ ಇಪ್ಪತ್ತನಾಲ್ಕರ ಫೆಬ್ರವರಿಯಲ್ಲಿ. ಥರ್ಜಾ ಆಗ ದೂರದ ಡೈರಿ ಕಾಲೇಜಿನಲ್ಲಿ ಕೊನೆಯ ಪರೀಕ್ಷೆಗೆ ಕೂತಿದ್ದಳು. ಇತ್ತ ತಾಯಿಗೆ ಎದೆ ಕಟ್ಟಿ ಜ್ವರ ಏರಿತು. ಹತ್ತು ದಿನ ಮಲಗಿದಳು, ಹನ್ನೊಂದನೆಯ ದಿನ ಹೋದಳು. ಹೆಸ್ಟರಳ ಕಾಗದ ಥರ್ಜಾಳ ಕೈಗೆ ಬರುವಷ್ಟರಲ್ಲಿ ಮಣ್ಣಾಗಿತ್ತು. ಥರ್ಜಾ ರೈಲಿಳಿದು, ಹಿಮದಲ್ಲಿ ಆರು ಮೈಲಿ ನಡೆದು, ತೊಯ್ದ ಬೂಟಿನಲ್ಲೇ ಅಡುಗೆಮನೆಗೆ ಬಂದು ನಿಂತಳು.

"ಒಂದು ತಂತಿ ಕೊಡೋಕೂ ಆಗ್ಲಿಲ್ವೇನೇ ನಿಂಗೆ?"

"ಅಮ್ಮನೇ ಬೇಡ ಅಂದ್ಲು, ಥರ್ಜಾ. ಪರೀಕ್ಷೆ ಮುಗೀಲಿ, ಅಲ್ಲೀವರೆಗೂ ಅವಳಿಗೆ ತಿಳಿಸಬೇಡ ಅಂತ ನನ್ನ ಕೈಲಿ ಮಾತು ತಗೊಂಡ್ಲು. ನಾನೇನು ಮಾಡ್ಲಿ?"

"ಸತ್ತವಳ ಬಾಯಿಗೆ ನಿನ್ನ ಮಾತು ತುರುಕಬೇಡ. ಅಮ್ಮ ನಿನಗೊಬ್ಬಳಿಗೇ ಬೇಕಾಗಿದ್ಲು. ಇಟ್ಕೊಂಡೆ."

ಹೆಸ್ಟರ್ ಒಲೆಯ ಕಡೆ ತಿರುಗಿ ಕೆಂಡ ಕೆದಕತೊಡಗಿದಳು. ಅವಳು ಮುಖ ತಿರುಗಿಸಿದ್ದನ್ನು ಥರ್ಜಾ ತಪ್ಪೊಪ್ಪಿಗೆ ಎಂದೇ ಲೆಕ್ಕ ಹಿಡಿದಳು. ಅವತ್ತೇ ಪೆಟ್ಟಿಗೆ ಕಟ್ಟಿದಳು. ಆಮೇಲೆ ಹನ್ನೆರಡು ವರ್ಷ ಇಬ್ಬರೂ ಒಂದೇ ಕಣಿವೆಯಲ್ಲಿದ್ದರೂ, ಸಂತೆಯಲ್ಲಿ ಎದುರಾದರೆ ಒಬ್ಬಳು ರಸ್ತೆ ದಾಟುತ್ತಿದ್ದಳು.

ಮೂವತ್ತಾರರ ಸೆಪ್ಟೆಂಬರಿನಲ್ಲಿ ಕಣಿವೆಯ ವಾರ್ಷಿಕ ಪ್ರದರ್ಶನಕ್ಕೆ ಥರ್ಜಾಳನ್ನು ಚೀಸಿನ ತೀರ್ಪುಗಾರ್ತಿಯಾಗಿ ಕರೆದರು. ಅಲ್ಲಿಯವರೆಗೆ ಆ ಜಾಗದಲ್ಲಿ ಪೇಟೆಯ ಗಂಡಸು ವ್ಯಾಪಾರಿಗಳೇ ನಿಲ್ಲುತ್ತಿದ್ದದ್ದು. ಅವಳು ಹೊಸ ಬಿಳಿ ಕೋಟು ಹೊಲಿಸಿಕೊಂಡಳು. ಬೆಳಗ್ಗೆ ಎಂಟಕ್ಕೆ, ಜನರನ್ನು ಒಳಗೆ ಬಿಡುವ ಮೊದಲು, ಡೇರೆಯ ಉದ್ದ ಹಲಗೆಯ ಮೇಲೆ ಹದಿನಾಲ್ಕು ಚೀಸ್ ಬಿಲ್ಲೆಗಳು ಸಾಲಾಗಿ ಕೂತಿದ್ದವು. ಹೆಸರಿಲ್ಲ, ಬರೀ ನಂಬರು. ಜೊತೆಗೆ ಉಸ್ತುವಾರಿಗೆ ನಿಂತವನು ಆಂಬ್ರೋಸ್ ಕವರ್ಡೇಲ್, ದಿನಸಿ ಅಂಗಡಿಯವನು, ಪೈಪು ಬಾಯಿಂದ ತೆಗೆಯದ ಮನುಷ್ಯ.

ಅವಳು ಚುಚ್ಚುಗೋಲು ಇಳಿಸಿ ತಿರುವಿ ಎಳೆಯುವಳು. ಮೂಸುವಳು, ಹೆಬ್ಬೆರಳಲ್ಲಿ ಉಜ್ಜುವಳು, ನಾಲಿಗೆಗೆ ಇಡುವಳು, ಉಗುಳುವಳು. ನಡುನಡುವೆ ಸೇಬಿನ ಚೂರು ಕಡಿಯುವಳು. ಒಂದರಲ್ಲಿ ಹುಳಿ ಜಾಸ್ತಿ, ಒಂದು ಸೋಪಿನ ಹಾಗೆ, ಒಂದು ಪರವಾಗಿಲ್ಲ. ಹೀಗೆ ಹತ್ತು ಮುಗಿದವು.

ಹನ್ನೊಂದನೆಯದನ್ನು ಬಾಯಿಗಿಟ್ಟಾಗ ಮೊದಲು ಏನೂ ಅನ್ನಿಸಲಿಲ್ಲ. ತಣ್ಣಗೆ, ಸ್ವಲ್ಪ ಒದ್ದೆ. ಆಮೇಲೆ ಒಂದು ತೆಳುವಾದ ಹುಳಿ. ಅದು ಇಳಿದ ಮೇಲೆ, ಎಲ್ಲ ಮುಗಿಯಿತು ಅನ್ನುವ ಹೊತ್ತಿಗೆ, ಜೇನು ಮುಟ್ಟಿದ ಬೆರಳು ನೆಕ್ಕಿದಂಥ ಒಂದು ಸಿಹಿ.

ಥರ್ಜಾ ಉಗುಳಲಿಲ್ಲ. ನುಂಗಿದಳು.

ಅದು ತಾಯಿಯ ಚೀಸು. ಥರ್ಮಾಮೀಟರಿನ ಹಂಗಿಲ್ಲದೆ ಮೊಣಕೈ ಅದ್ದಿ ಹಾಲಿನ ಬಿಸಿ ನೋಡುತ್ತಿದ್ದ, ಒಡೆದ ಹಾಲಿನ ಬಟ್ಟೆಗಂಟನ್ನು ಮನೆಯೊಳಗಿನ ಗಾಳಿಯಾಡುವ ಓಣಿಯ ತೊಲೆಗೇ ನೇತುಹಾಕಬೇಕೆಂದು ಹಟ ಹಿಡಿಯುತ್ತಿದ್ದ, ಚೀಸು ನೆನೆಸುವ ಕಲ್ಲಿನ ತೊಟ್ಟಿಯಲ್ಲಿ ಉಪ್ಪುನೀರು ತಾನೇ ಕದಡುತ್ತಿದ್ದ ತಾಯಿಯದು. ಇಡೀ ಕಣಿವೆಯಲ್ಲಿ ಆ ಕೈ ಕಲಿತವಳು ಒಬ್ಬಳೇ. ಕಾಲೇಜಿಗೆ ಹೋದವಳಲ್ಲ, ಮನೆಯಲ್ಲಿ ಉಳಿದವಳು.

ಆ ಹಲಗೆಯ ಮೇಲೆ ಅದನ್ನು ಮೀರಿಸುವುದು ಇನ್ನೊಂದಿರಲಿಲ್ಲ. ಉಳಿದ ಮೂರನ್ನು ಮುಟ್ಟುವ ಮೊದಲೇ ಅದು ಅವಳಿಗೆ ಗೊತ್ತಿತ್ತು. ಅಮ್ಮನನ್ನು ಇಟ್ಟುಕೊಂಡದ್ದು ಸಾಲದೆ ಅಮ್ಮನ ರುಚಿಯನ್ನೂ ಇಟ್ಟುಕೊಂಡಿದ್ದಾಳೆ, ಈಗ ಅದಕ್ಕೆ ನನ್ನ ಕೈಯಿಂದಲೇ ಬಹುಮಾನ ಬೇಕಂತೆ! ಅವಳು ಪೆನ್ಸಿಲು ತೆಗೆದು ಹನ್ನೊಂದನೆಯ ಚೀಟಿಯ ಮೇಲೆ ಬರೆದಳು: ಕೊನೆಯಲ್ಲಿ ಕಹಿ. ಅಜಾಗರೂಕ ಕೈ.

ಕವರ್ಡೇಲ್ ಒಂದು ಚೂರು ಬಾಯಿಗೆ ಹಾಕಿಕೊಂಡ. "ಕಹಿನಾ? ನಂಗೇನೂ ಹತ್ತಲಿಲ್ವಲ್ಲ, ಮಿಸ್ ಆಲ್ಡರ್ಸನ್?"

"ಪೈಪಿನ ಹೊಗೆಗೆ ಸುಟ್ಟುಹೋದ ನಾಲಿಗೆ ನಿಮ್ದು. ಅದಕ್ಕೆ ಕಲ್ಲಿದ್ದಲು ಕೊಟ್ರೂ ಸಿಹಿಯೇ."

ಅವನು ನಕ್ಕು ಮುಂದೆ ಹೋದ. ಮೊದಲ ಬಹುಮಾನ ಆ 'ಪರವಾಗಿಲ್ಲ'ಕ್ಕೆ ಹೋಯಿತು.

ಮಧ್ಯಾಹ್ನ ಡೇರೆ ತೆರೆದರು. ಹೆಸ್ಟರ್ ಚರ್ಚಿಗೆ ಹಾಕುವ ನೀಲಿ ಟೋಪಿ ಹಾಕಿಕೊಂಡು ಬಂದಳು. ಥರ್ಜಾ ಚಹಾದ ಮೇಜಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಆದರೆ ಎದುರಿಗಿದ್ದ ಚಹಾದ ದೊಡ್ಡ ಹಂಡೆ ಥಳಥಳ ಹೊಳೆಯುತ್ತಿತ್ತು, ಅದರ ಹೊಟ್ಟೆಯಲ್ಲಿ ಡೇರೆಯೆಲ್ಲ ಕಾಣುತ್ತಿತ್ತು. ನೀಲಿ ಟೋಪಿ ಹಲಗೆಯ ಉದ್ದಕ್ಕೂ ನಡೆದು, ಒಂದು ಕಡೆ ನಿಂತು, ಬಗ್ಗಿತು. ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಹೆಸ್ಟರ್ ಚೀಟಿಯನ್ನು ಎರಡು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡು, ಚೀಸನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಸಂಜೆ ಡೇರೆ ಬಿಚ್ಚುವಾಗ ಕವರ್ಡೇಲ್ ಕೇಳಿದ: "ಈ ಹನ್ನೊಂದನ್ನ ಯಾರೂ ಒಯ್ಯಲಿಲ್ಲ. ಏನು ಮಾಡೋದು?"

"ನಂಗೆ ಕೊಡಿ. ಕೋಳಿಗೆ ಹಾಕ್ತೀನಿ," ಎಂದಳು ಥರ್ಜಾ.

ಅವಳ ಮನೆಯಲ್ಲಿ ಕೋಳಿ ಇರಲಿಲ್ಲ. ಕ್ರಿಸ್ಮಸ್ಸಿನವರೆಗೆ ಪ್ರತಿ ಭಾನುವಾರ ಅವಳೊಬ್ಬಳೇ ಆ ಚೀಸನ್ನು ತೆಳ್ಳಗೆ ಕತ್ತರಿಸಿಕೊಂಡು ತಿಂದಳು. ಕೊನೆಯ ಚೂರಿನವರೆಗೂ ಕಹಿಯ ಸುಳಿವಿರಲಿಲ್ಲ.

ಮರುವರ್ಷ ಬೇಸಿಗೆಗೆ ಮೊದಲು ಒಂದು ಹೊಲಮನೆಯಲ್ಲಿ ಹಾಲು ಕದಡುತ್ತಿದ್ದ ಹೆಂಗಸೊಬ್ಬಳು ಸುದ್ದಿ ಹೇಳಿದಳು. "ಮೇಲ್ಮನೆ ಹೆಸ್ಟರ್ ಚೀಸ್ ಮಾಡೋದೇ ಬಿಟ್ಲಂತೆ. ಹಾಲೆಲ್ಲ ಕ್ಯಾನಿಗೆ ತುಂಬಿ ಲಾರಿಗೆ ಕೊಡ್ತಾಳಂತೆ."

"ಬಿಟ್ರೆ ಬಿಡಲಿ. ಬೆನ್ನುನೋವಾದ್ರೂ ತಪ್ಪುತ್ತೆ," ಎಂದಳು ಥರ್ಜಾ. ಆದರೆ ಅವತ್ತು ಥರ್ಮಾಮೀಟರು ಎರಡು ಸಲ ನೋಡಿದರೂ ಅಂಕಿ ತಲೆಗೆ ಹೋಗಲಿಲ್ಲ. ವಾಪಸ್ಸು ಬರುವಾಗ ಮೇಲ್ದಾರಿಯ ಕವಲಿನಲ್ಲಿ ಸೈಕಲ್ಲು ನಿಲ್ಲಿಸಿ ಇಳಿದಳು. ಹೋಗಿ ಹೇಳಿಬಿಡಲೇ ಅಂದುಕೊಂಡಳು. ಏನಂತ ಹೇಳುವುದು? ಸುಳ್ಳು ಬರೆದೆ ಅಂದರೆ ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ. ಮುಂದಿನ ವಾರ ನೋಡೋಣ ಎಂದು ಸೈಕಲ್ಲು ಹತ್ತಿದಳು.

ಮುಂದಿನ ವಾರ ಬರಲೇ ಇಲ್ಲ. ಎರಡು ವರ್ಷಕ್ಕೆ ಯುದ್ಧ ಬಂತು. ಹಾಲೆಲ್ಲ ಒಂದೇ ಬಗೆಯ ಚೀಸಿಗೆ ಹೋಗಬೇಕೆಂದು ಸರ್ಕಾರದ ಆಜ್ಞೆಯಾಯಿತು. ಚೆಡ್ಡರಿನ ದೂರದ ನೆಂಟನಂಥ, ಒಣಗಿದ, ಎಲ್ಲಿ ಕಡಿದರೂ ಒಂದೇ ರುಚಿಯ ಗಟ್ಟಿ ಅದು. ತಲೆಗೆ ವಾರಕ್ಕೆ ಇಷ್ಟೇ ಚೂರು ಎಂದು ಪಡಿತರ ಚೀಟಿಯ ಮೇಲೆ ಸಿಗುತ್ತಿತ್ತು. ಕಣಿವೆಯ ಮನೆಗಳಲ್ಲಿ ಒತ್ತುಕಲ್ಲುಗಳು ಬಾಗಿಲಿಗೆ ಒತ್ತು ಕೊಡುವ ಕಲ್ಲಾದವು. ಥರ್ಜಾಳ ಪೆಟ್ಟಿಗೆಗೆ ಕೆಲಸವಿಲ್ಲದಾಯಿತು. ಅವಳು ಒಂದು ದೊಡ್ಡ ಡೈರಿಯಲ್ಲಿ ದಿನಕ್ಕೆ ನೂರು ಸಲ ಆ ಒಂದೇ ರುಚಿಯನ್ನು ನೋಡಿ ಮುದ್ರೆ ಒತ್ತುವ ಕೆಲಸ ಹಿಡಿದಳು. ಯುದ್ಧ ಮುಗಿದ ಮೇಲೂ ಒಂಬತ್ತು ವರ್ಷ ಅದೇ ನಡೆಯಿತು.

ಐವತ್ತನಾಲ್ಕರಲ್ಲಿ ಪಡಿತರ ಕೊನೆಗೊಂಡಿತು. ಪ್ರದರ್ಶನದಲ್ಲಿ ಮತ್ತೆ ಚೀಸಿನ ಸ್ಪರ್ಧೆ ಇಡಬೇಕೆಂದು ಮುದುಕ ಕವರ್ಡೇಲ್ ಅವಳ ಮನೆಗೆ ಬಂದ.

"ಎರಡೇ ಹೆಸರು ಬಂದಿರೋದು, ಮಿಸ್ ಆಲ್ಡರ್ಸನ್. ಮೊದಲು ಹದಿನಾಲ್ಕು, ಇಪ್ಪತ್ತು ಇರ್ತಿತ್ತು. ಹೆಂಗಸರೆಲ್ಲ ಮರೆತುಬಿಟ್ಟಿದಾರೆ. ನೀವಾದ್ರೂ ಬಂದು ತೀರ್ಪು ಕೊಡಿ."

"ನಾನು ಆ ಕೆಲಸಕ್ಕೆ ಲಾಯಕ್ಕಲ್ಲ," ಎಂದಳು. ಅವನು ಬಿಂಕ ಅಂದುಕೊಂಡು ನಕ್ಕ.

ಮಾರನೆಯ ದಿನ ಅವಳು ಬಸ್ಸಿಳಿದು ಮೇಲ್ದಾರಿ ಹತ್ತಿದಳು. ಮೂವತ್ತು ವರ್ಷದ ಮೇಲೆ ಹೋಗುತ್ತಿರುವುದು. ಅಂಗಳದಲ್ಲಿ ಹೆಸ್ಟರ್ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಬೆರಳಿನ ಗಂಟುಗಳು ಊದಿಕೊಂಡಿದ್ದವು. ತಲೆಯೆತ್ತಿ ನೋಡಿ, ಮತ್ತೆ ಬಗ್ಗಿ, ಆ ಕ್ಯಾನನ್ನು ತೊಳೆದು ಮುಗಿಸಿ, ಬೋರಲು ಹಾಕಿ, ಆಮೇಲೆ ಹೇಳಿದಳು:

"ದಪ್ಪ ಆಗಿದೀಯ."

"ನೀನು ಸೊರಗಿದೀಯ."

"ಒಳಗೆ ಬಾ. ಕಿಟ್ ಮೇಲಿನ ಹೊಲಕ್ಕೆ ಹೋಗಿದಾನೆ."

ಅಡುಗೆಮನೆಯಲ್ಲಿ ಹೆಸ್ಟರ್ ಚಹಾ ಇಟ್ಟಳು. ಹಣ್ಣಿನ ಕೇಕು ಕತ್ತರಿಸಿ, ಪಕ್ಕಕ್ಕೆ ಆ ಕಡೆಯ ರೂಢಿಯಂತೆ ಒಂದು ತುಂಡು ಚೀಸು ಇಟ್ಟಳು. "ಅಂಗಡೀದು," ಎಂದಳು.

ಥರ್ಜಾ ಅದನ್ನು ಮುಟ್ಟಲಿಲ್ಲ. "ಹೆಸ್ಟರ್, ಆ ವರ್ಷದ ಪ್ರದರ್ಶನದಲ್ಲಿ... ನಿನ್ನ ಚೀಸು ಕಹಿ ಇರಲಿಲ್ಲ ಕಣೆ. ಅಲ್ಲಿದ್ದದ್ದರಲ್ಲೆಲ್ಲ ಅದೇ ಮೇಲು. ನಿಂದು ಅಂತ ಗೊತ್ತಿದ್ದೇ ನಾನು ಹಾಗೆ ಬರೆದೆ."

"ಗೊತ್ತು."

"ಗೊತ್ತಾ?"

"ಅಮ್ಮನ ಚೀಸು ನಿನ್ನ ನಾಲಿಗೆಗೆ ಗೊತ್ತಾಗದೆ ಇರುತ್ತಾ? ಗೊತ್ತಾಗಲಿ ಅಂತಲೇ ಕಳಿಸಿದ್ದು." ಹೆಸ್ಟರ್ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾನು ಯಾವತ್ತಾದ್ರೂ ಸ್ಪರ್ಧೆಗೆ ಅಂತ ಹೋದವಳಾ? ಆ ವರ್ಷ ತೀರ್ಪಿಗೆ ನೀನು ಬರ್ತೀಯ ಅಂತ ಕಿಟ್ ಪೇಟೇಲಿ ಕೇಳಿಕೊಂಡು ಬಂದ. ಕಾಗದ ಬರೆದ್ರೆ ನೀನು ಓದಲ್ಲ. ಮನೆಗೆ ಬಂದ್ರೆ ಬಾಗಿಲು ತೆಗೆಯಲ್ಲ. ಬಾಯಿಗಾದ್ರೂ ಇಟ್ಕೋತಾಳಲ್ಲ, ಆವಾಗ ನೆನಪಾಗುತ್ತೆ, ಸಂಜೆ ಒಂದು ಗಳಿಗೆ ಮನೆಗೆ ಬರ್ತಾಳೆ ಅಂದ್ಕೊಂಡೆ. ಕೇಕು ಮಾಡಿಟ್ಟು ಹೋಗಿದ್ದೆ."

ಥರ್ಜಾ ಅದನ್ನು ಸವಾಲು ಎಂದುಕೊಂಡಿದ್ದಳು. ಅದು ಕರೆಯೋಲೆಯಾಗಿತ್ತು.

"ಚೀಟಿ ನೋಡಿದೆ," ಎಂದಳು ಹೆಸ್ಟರ್. "ಓ, ಇದು ಉತ್ತರ ಅಂತ ತಿಳ್ಕೊಂಡೆ. ಅಷ್ಟೆ."

"ಅದಕ್ಕೇ ಬಿಟ್ಯಾ?"

"ಮತ್ತೆ ತೊಟ್ಟಿ ಹತ್ತಿರ ಹೋದಾಗೆಲ್ಲ ಅದೇ ಕಣ್ಣಿಗೆ ಬರೋದು. ಅಜಾಗರೂಕ ಕೈ ಅಂತ. ಅಮ್ಮನೇ ಬೈದ ಹಾಗೆ. ಬೇಡ ಅನ್ನಿಸ್ತು."

ಆಮೇಲೆ ಅವಳು ಥರ್ಜಾಳನ್ನು ಮೊದಲು ಚೀಸು ಮಾಡುತ್ತಿದ್ದ ಹಿಂದಿನ ಕೋಣೆಗೆ ಕರೆದೊಯ್ದು ತೋರಿಸಿದಳು. ಉಪ್ಪುನೀರಿನ ತೊಟ್ಟಿಯಲ್ಲಿ ಈಗ ಕರುಗಳು ನೀರು ಕುಡಿಯುತ್ತಿದ್ದವು. ಓಣಿಯ ತೊಲೆಗೆ ಕಿಟ್‌ನ ಮಳೆಯಂಗಿ ನೇತಾಡುತ್ತಿತ್ತು.

"ಇನ್ನೊಂದ್ಸಲ ಮಾಡು, ಹೆಸ್ಟರ್. ನಾನೂ ಕೈ ಹಾಕ್ತೀನಿ. ಮರೆತಿಲ್ಲ ತಾನೇ?"

"ಮರೆಯೋದೇನು? ಯಾರಿಗೆ ಅಂತ ಮಾಡ್ಲಿ?"

"ನಂಗೆ ಮಾಡು."

"ನಿಂಗೆ ಒಂದ್ಸಲ ಮಾಡಿದ್ದೆ," ಎಂದಳು ಹೆಸ್ಟರ್. ದನಿಯಲ್ಲಿ ಕೋಪವಿರಲಿಲ್ಲ. ಕರುವಿನ ನೆತ್ತಿ ಕೆರೆದು ಹೊರಗೆ ನಡೆದಳು.

ಆ ವಾರ ಪ್ರದರ್ಶನ ಸಮಿತಿಯ ಸಭೆಯಲ್ಲಿ ಥರ್ಜಾ ಎದ್ದು ನಿಂತು, ಹದಿನೆಂಟು ವರ್ಷದ ಹಿಂದೆ ತಾನು ಬರೆದದ್ದು ಸುಳ್ಳೆಂದೂ, ಮೊದಲ ಬಹುಮಾನ ಹೆಸ್ಟರ್ ಪೀಕಾಕಳದೆಂದು ದಾಖಲೆ ತಿದ್ದಬೇಕೆಂದೂ ಹೇಳಿದಳು. ಯಾರೋ ಕೆಮ್ಮಿದರು. "ಹಳೇ ಕಾಗದ ಯಾರು ನೋಡ್ತಾರೆ, ಕೂತ್ಕೊಳ್ಳಿ," ಎಂದ ಕವರ್ಡೇಲ್ ಮೆಲ್ಲಗೆ. ಅವಳು ಕೂರಲಿಲ್ಲ. ತಿದ್ದಿದ ಮೇಲೆಯೇ ಕೂತದ್ದು. ಕಣಿವೆಯ ತುಂಬ ಸುದ್ದಿಯಾಯಿತು. ಅವಳಿಂದ ಬೈಸಿಕೊಂಡಿದ್ದ ಹೆಂಗಸರು ಬಸ್ಸಿನಲ್ಲಿ ಅವಳಿಗೆ ಕೇಳುವ ಹಾಗೆಯೇ ಆಡಿಕೊಂಡರು: "ನನ್ನ ಚೀಸಲ್ಲಿ ಸೋಮಾರಿತನ ಇದೆ ಅಂದಿದ್ಲಲ್ಲ, ಅದೂ ಸುಳ್ಳೇ ಇರ್ಬೇಕು ಬಿಡು."

ಹೆಸ್ಟರಳಿಗೆ ಇದರಿಂದ ಸಂತೋಷವಾಗಲಿಲ್ಲ. ಮುಂದಿನ ಸಲ ಥರ್ಜಾ ಹೋದಾಗ ಬಾಗಿಲಲ್ಲೇ ಹಿಡಿದು ಕೇಳಿದಳು. "ನನ್ನ ಹೆಸರು ಯಾಕೆ ಊರ ಬಾಯಿಗೆ ಹಾಕಿದೆ? ನಾನು ಕೇಳಿದ್ನಾ ಬಹುಮಾನ? ನಿನಗೆ ಯಾವಾಗ್ಲೂ ಸಭೆ ಬೇಕು, ಥರ್ಜಾ. ಬೈಯೋಕೂ ಸಭೆ, ಅಳೋಕೂ ಸಭೆ."

ಅದು ನಿಜವೆಂದು ಥರ್ಜಾಗೆ ಅನ್ನಿಸಿತು. ಆದರೂ ಅವಳು ಹೋಗುವುದನ್ನು ಬಿಡಲಿಲ್ಲ. ತಿಂಗಳ ಮೊದಲ ಭಾನುವಾರ ಬಸ್ಸಿನಲ್ಲಿ ಹೋಗಿ, ಕಿಟ್‌ನ ಕೆಮ್ಮಿನ ಬಗ್ಗೆ, ಕರುಗಳ ಬಗ್ಗೆ ಮಾತಾಡಿ, ಅಂಗಡಿಯ ಚೀಸಿನೊಂದಿಗೆ ಕೇಕು ತಿಂದು ಬರುತ್ತಿದ್ದಳು. ತಂಗಿ ಒಮ್ಮೆಯೂ ಬಾ ಎಂದು ಕರೆಯಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಐದು ವರ್ಷದ ಮೇಲೆ ಹೆಸ್ಟರ್ ತೀರಿಕೊಂಡಳು.

ಆ ಬೇಸಿಗೆ ಥರ್ಜಾ ಪಕ್ಕದ ಹೊಲದಿಂದ ಹಾಲು ತಂದು ತನ್ನ ಅಡುಗೆಮನೆಯಲ್ಲಿ ಅಮ್ಮನ ಚೀಸನ್ನು ತಾನೇ ಮಾಡಿ ನೋಡಿದಳು. ಹಾಲು ಒಡೆಸುವುದು, ಒಡೆದ ಗಟ್ಟಿಯನ್ನು ಕೊಯ್ಯುವುದು, ಒತ್ತುವುದು ಎಲ್ಲವೂ ಅವಳಿಗೆ ಬರುತ್ತಿತ್ತು. ಉಪ್ಪುನೀರಿನಲ್ಲಿ ಎಷ್ಟು ದಿನ ಬಿಡಬೇಕು, ಯಾವ ಹೊತ್ತಿಗೆ ಮಗುಚಬೇಕು ಎಂಬುದು ಬರುತ್ತಿರಲಿಲ್ಲ. ಚಿಕ್ಕಂದಿನಿಂದಲೂ ತೊಟ್ಟಿಯ ಹತ್ತಿರ ಅಮ್ಮನ ಜೊತೆ ಕೈ ಹಾಕುತ್ತಿದ್ದವಳು ಹೆಸ್ಟರ್. ಐದು ವರ್ಷ ಎದುರಿಗೇ ಕೂತಿದ್ದರೂ ಅದೊಂದು ಮಾತನ್ನು ಕೇಳಲು ಥರ್ಜಾಗೆ ಬಾಯಿ ಬಂದಿರಲಿಲ್ಲ. ನಾಲ್ಕು ಸಲ ಮಾಡಿದಳು. ಒಂದು ಬಿರಿಯಿತು, ಒಂದು ಲೋಳೆಯಾಯಿತು, ಎರಡು ಚೆನ್ನಾಗಿಯೇ ಬಂದವು. ಕವರ್ಡೇಲ್ ತಿಂದು, ಮೊದಲ ಬಹುಮಾನದ್ದು ಎಂದ. ಥರ್ಜಾ ಒಂದು ಚೂರು ನಾಲಿಗೆಯ ಮೇಲಿಟ್ಟುಕೊಂಡು ಆ ಕೊನೆಯ ಸಿಹಿಗೆ ಬಹಳ ಹೊತ್ತು ಕಾದಳು. ಹುಳಿ ಬಂತು, ಇಳಿಯಿತು. ಆಮೇಲೆ ಏನೂ ಬರಲಿಲ್ಲ.