ಹುಳ ಬಂದ ಅವರೆಕಾಯಿ

ತಾಂಬಾದ ಇಂದುಬಾಯಿಯವರ ಹಿತ್ತಲಿನ ಅವರೆಕಾಯಲ್ಲಿ ಹುಳ ಕಂಡರೆ ನೀವು ಮುಖ ಸಿಂಡರಿಸುವ ಹಾಗಿಲ್ಲ. "ಹುಳ ಬದುಕೈತಿ ಅಂದ್ರ ನೀವೂ ಬದುಕ್ತೀರಿ, ಒಯ್ರಿ" ಎಂದು ಚೀಲದ ತುಂಬ ಸುರಿಯುತ್ತಾರೆ. ಬಳ್ಳಿಗೆ ಹೇನು ಹತ್ತಿದರೆ ಒಲೆಯ ಬೂದಿ, ಬೂದಿಗೂ ಬಗ್ಗದಿದ್ದರೆ ಹುಳಿ ಮಜ್ಜಿಗೆ, ಅದಕ್ಕೂ ಬಗ್ಗದಿದ್ದರೆ ಬೈಗುಳ. ಅಂಗಡಿಯ ಔಷಧಿ ಮಾತ್ರ ಹೊಸ್ತಿಲು ದಾಟುವಂತಿಲ್ಲ. ಈ ಸಲದ ಮೊದಲ ಬುಟ್ಟಿಯಲ್ಲಿ ಒಂದು ಹುಳವೂ ಕಾಣಲಿಲ್ಲ. ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ಬಂತೇನೋ ಎಂದು ಹೆದರಿ, ಎರಡು ದಿನ ಆ ಕಾಯಿಗಳನ್ನು ಒಲೆಗೇ ಏರಿಸಲಿಲ್ಲ. ಇಂದು ಬೆಳಿಗ್ಗೆ ಅವನ್ನೇ ಸುಲಿಯುವಾಗ ಹಸಿರು ಹುಳವೊಂದು ಹೊರಳಿ ಬಂತು. "ಬಂದ್ಯಾ ನಮ್ಮಪ್ಪಾ!" ಎಂದು ಅದನ್ನು ಬಳ್ಳಿಗೇ ಬಿಟ್ಟು ಬಂದು, ಪಲ್ಯ ಮಾಡಿ ಗಂಡನಿಗೆ ಬಡಿಸಿದರು. ಹಿಂದೊಮ್ಮೆ ಅದೇ ತೋಟದಲ್ಲಿ ಔಷಧಿ ಹೊಡೆಯುತ್ತ ಬಿದ್ದು, ಹನ್ನೊಂದು ದಿನ ಕಣ್ಣೇ ತೆರೆಯದಿದ್ದ ಬಸಂತರಾಯರು ತಾಟು ಮುಂದೆ ಚಾಚಿದರು: "ಇನ್ನಷ್ಟು ಹಾಕು."